ಟಾಸ್ಕ್ ಮ್ಯಾನೇಜರ್, ರಿಜಿಸ್ಟ್ರಿ, ಕಮಾಂಡ್ ಪ್ರಾಂಪ್ಟ್ ಒಂದೂ ತೆರೆಯುತ್ತಿಲ್ಲ. ಫಾರ್ಮ್ಯಾಟ್ ಮಾಡಲೇಬೇಕಾ?

ತುಮಕೂರು_ಟೈಪಿಂಗ್ | ಭಾನುವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಮನೆಯ ಕಂಪ್ಯೂಟರ್ ಕೈಕೊಟ್ಟಿದೆ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ನಮ್ಮದು ಡೆಸ್ಕ್‌ಟಾಪ್. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ವಿಂಡೋಸ್ 10 ಹೋಮ್, 8 ಜಿಬಿ ರ್‍ಯಾಮ್. ಮನೆಯಲ್ಲೇ ಕೂತು ಮದುವೆ ಪತ್ರಿಕೆ, ಅರ್ಜಿ, ಮಕ್ಕಳ ಪ್ರಾಜೆಕ್ಟ್ ಟೈಪ್ ಮಾಡಿಕೊಡುತ್ತೇನೆ. ಗುರುವಾರದಿಂದ ತುಂಬಾ ನಿಧಾನ. ಸುಮ್ನೆ ಬಿಟ್ಟಿದ್ದರೂ ಫ್ಯಾನ್ ಜೋರಾಗಿ ತಿರುಗುತ್ತದೆ. ಏನು ಓಡುತ್ತಿದೆ ನೋಡೋಣ ಅಂತ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದೆ. ಆ ಪರದೆಯಲ್ಲಿ ಟಾಸ್ಕ್ ಮ್ಯಾನೇಜರ್ ಅನ್ನೋ ಸಾಲೇ ಇಲ್ಲ. ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಹೆಸರು ಇದೆ, ಆದರೆ ಮಸುಕಾಗಿದೆ. ಒತ್ತಿದರೆ ಏನೂ ಆಗುವುದಿಲ್ಲ.

ವಿಂಡೋಸ್‌ನ ಒಳಗಿನ ಸೆಟ್ಟಿಂಗ್ ತಿದ್ದುವ ರಿಜಿಸ್ಟ್ರಿ ಎಡಿಟರ್ ತೆರೆಯಲು ಹೋದರೆ ಒಂದು ಚಿಕ್ಕ ಪೆಟ್ಟಿಗೆ ಬಂದು ಅಡ್ಮಿನಿಸ್ಟ್ರೇಟರ್ ಇದನ್ನು ನಿಲ್ಲಿಸಿದ್ದಾರೆ ಅನ್ನುತ್ತದೆ. ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲೂ ಅದೇ ಮಾತು. ವಿಂಡೋಸ್ ಹೇಗೆ ಶುರುವಾಗಬೇಕು ಅಂತ ಹೇಳುವ ಎಂಎಸ್‌ಕಾನ್ಫಿಗ್ ಒತ್ತಿದರೆ ಸದ್ದೇ ಇಲ್ಲ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಒಳಗೆ ಹೋದರೆ ನಿಮ್ಮ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದೆ ಅಂತ ಬರುತ್ತದೆ. ನಮ್ಮ ಮನೆಯಲ್ಲಿ ಯಾವ ಸಂಸ್ಥೆ ಇದೆ? ಈ ಕಂಪ್ಯೂಟರ್‌ಗೆ ಅಡ್ಮಿನಿಸ್ಟ್ರೇಟರ್ ಅಂದರೆ ನಾನೇ ಅಲ್ವಾ?

ರಿಪೇರಿ ಅಂಗಡಿಯಲ್ಲಿ ಕೇಳಿದೆ. ಫಾರ್ಮ್ಯಾಟ್ ಒಂದೇ ದಾರಿ, 600 ರೂಪಾಯಿ, ಒಳಗಿರುವುದು ಉಳಿಯುತ್ತದೆ ಅಂತ ಹೇಳೋಕಾಗಲ್ಲ ಅಂದರು. ಅಲ್ಲೇ ಇರೋದು ನನ್ನ ಸಂಕಟ. ನಮ್ಮ ಮಾವನವರಿಗೆ 81 ವರ್ಷ, ಕಣ್ಣು ಮಂಜು. ಅವರು ತಮ್ಮ ಊರಿನ ಕೆರೆ, ತೂಬು, ನೀರುಗಂಟಿಗಳ ಕಥೆ, ಬರಗಾಲದ ವರ್ಷಗಳು, ಎಲ್ಲ ಬಾಯಲ್ಲಿ ಹೇಳಿ ನನ್ನ ಕೈಲಿ ಟೈಪ್ ಮಾಡಿಸಿದ್ದಾರೆ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ 212 ಪುಟ. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಬೆಣ್ಣೆ_ಖಾಲಿ | ಭಾನುವಾರ, ಬೆಳಿಗ್ಗೆ 9:58

ವೈರಸ್. ಫಾರ್ಮ್ಯಾಟ್ ಮಾಡಿ, ಒಂದು ಗಂಟೆ ಕೆಲಸ. ತಲೆ ಕೆಡಿಸಿಕೊಳ್ಳಬೇಡಿ.

ಹಳೇ_ಕೀಬೋರ್ಡ್ | ಭಾನುವಾರ, ಬೆಳಿಗ್ಗೆ 10:15

ಅಕ್ಕ, ಈಗಲೇ ಫಾರ್ಮ್ಯಾಟ್ ಮಾಡಿಸಬೇಡಿ. 212 ಪುಟ ಹೊರಗೆ ಬರುವವರೆಗೆ ಬೇರೆ ಯಾವ ಪ್ರಯೋಗವನ್ನೂ ಮಾಡಬೇಡಿ. ನೀವು ಬರೆದದ್ದು ನೋಡಿದರೆ ಫೈಲುಗಳಿಗೆ ಏನೂ ಆಗಿರಲಿಕ್ಕಿಲ್ಲ.

ಮೊದಲು ಇಂಟರ್ನೆಟ್ ಕೇಬಲ್ ಕಿತ್ತುಬಿಡಿ, ವೈಫೈ ಇದ್ದರೆ ಆಫ್ ಮಾಡಿ. ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್, ಇಮೇಲ್ ತೆರೆದಿದ್ದರೆ ಮೊಬೈಲ್‌ನಿಂದ ಪಾಸ್‌ವರ್ಡ್ ಬದಲಿಸಿ. ಅದೇ ಕಂಪ್ಯೂಟರ್‌ನಲ್ಲಿ ಕೂತು ಬದಲಿಸಬೇಡಿ. ಖಾತೆಯಿಂದ ಹಣ ಹೋಗಿದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆಮೇಲೆ ಹೇಳಿ. ಬುಧವಾರ, ಗುರುವಾರ ಯಾರದಾದರೂ ಪೆನ್‌ಡ್ರೈವ್ ಹಾಕಿದ್ದಿರಾ? ಹೊಸದಾಗಿ ಏನಾದರೂ ಇನ್‌ಸ್ಟಾಲ್ ಆಗಿದೆಯಾ? ಮನೆಯಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಸಿಗುತ್ತದಾ?

ತುಮಕೂರು_ಟೈಪಿಂಗ್ | ಭಾನುವಾರ, ಬೆಳಿಗ್ಗೆ 10:50

ಕೇಬಲ್ ಕಿತ್ತೆ ಸರ್. ಪಾಸ್‌ವರ್ಡ್ ಮೊಬೈಲ್‌ನಲ್ಲಿ ಬದಲಿಸಿದೆ. ಹಣ ಸರಿಯಾಗಿದೆ.

ಪೆನ್‌ಡ್ರೈವ್ ಹಾಕಿದ್ದೆ. ಬುಧವಾರ ಒಂದು ಮದುವೆ ಪತ್ರಿಕೆ ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ವಾಪಸ್ ತಂದು ಹಾಕಿದಾಗ ಫೋಲ್ಡರ್ ಚಿತ್ರದ ಮೂಲೆಯಲ್ಲಿ ಒಂದು ಪುಟ್ಟ ಬಾಣ ಇತ್ತು. ಏನೋ ಇರಬೇಕು ಅಂತ ಒತ್ತಿದೆ. ಒಳಗೆ ನನ್ನ ಫೈಲ್ ಸರಿಯಾಗೇ ತೆರೆಯಿತು, ಅದಕ್ಕೆ ಅನುಮಾನ ಬರಲಿಲ್ಲ.

ತಮ್ಮನ ಲ್ಯಾಪ್‌ಟಾಪ್ ಸಂಜೆ ಸಿಗುತ್ತದೆ.

ದಾವಣಗೆರೆ_ಲ್ಯಾಬ್ | ಭಾನುವಾರ, ಬೆಳಿಗ್ಗೆ 11:20

ಮೇಡಂ, ಆ ಬಾಣವೇ ಕಳ್ಳ. ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ನಮ್ಮಲ್ಲಿ ಶಾರ್ಟ್‌ಕಟ್ ವೈರಸ್ ಅಂತಲೇ ಕರೆಯುತ್ತಾರೆ.

ಅದು ನಿಮ್ಮ ನಿಜವಾದ ಫೋಲ್ಡರನ್ನು ಮರೆಮಾಡುತ್ತದೆ. ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಎದುರಿಗೆ ಇಡುತ್ತದೆ. ನೀವು ಒತ್ತಿದಾಗ ಎರಡು ಕೆಲಸ ಆಗುತ್ತವೆ. ಹಿಂದೆ ಒಂದು ಸ್ಕ್ರಿಪ್ಟ್ ಓಡುತ್ತದೆ, ಮುಂದೆ ನಿಮ್ಮ ಫೋಲ್ಡರ್ ತೆರೆದುಕೊಳ್ಳುತ್ತದೆ. ಹಾಗಾಗಿ ಯಾರಿಗೂ ತಿಳಿಯುವುದೇ ಇಲ್ಲ. ಹಿಂದೆಲ್ಲ ಪೆನ್‌ಡ್ರೈವ್ ಚುಚ್ಚಿದರೆ ಸಾಕಿತ್ತು, ಆಟೋರನ್ ತಾನೇ ವೈರಸ್ ಓಡಿಸುತ್ತಿತ್ತು. ವಿಂಡೋಸ್ 7ರಿಂದ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಆಮೇಲೆ ವೈರಸ್ ಬರೆಯುವವರು ನಮ್ಮ ಕೈಯಿಂದಲೇ ಒತ್ತಿಸುವ ದಾರಿ ಹಿಡಿದರು. ಈ ಜಾತಿಯಲ್ಲಿ ಜೆನ್‌ಕ್ಸಕಸ್ ಅನ್ನೋದು ಬಹಳ ಹಬ್ಬಿತ್ತು. 2014ರಲ್ಲಿ ಅದರ ವಿರುದ್ಧ ಮೈಕ್ರೋಸಾಫ್ಟ್ ಕೋರ್ಟಿಗೇ ಹೋಗಿತ್ತು. ಹೋಲುವ ಬೇರೆಯವು ಇವತ್ತಿಗೂ ಜೆರಾಕ್ಸ್ ಅಂಗಡಿಗಳಲ್ಲಿ ಸುತ್ತುತ್ತಿವೆ.

ಆ ಪೆನ್‌ಡ್ರೈವನ್ನು ತಮ್ಮನ ಲ್ಯಾಪ್‌ಟಾಪ್‌ಗೆ ಹಾಕಬೇಡಿ.

ಹಳೇ_ಕೀಬೋರ್ಡ್ | ಭಾನುವಾರ, ಮಧ್ಯಾಹ್ನ 12:05

ಲ್ಯಾಬ್ ಸರ್ ಹೇಳಿದ್ದು ಸರಿ. ಈಗ ನಿಮ್ಮ ಟೂಲ್‌ಗಳು ಯಾಕೆ ತೆರೆಯುತ್ತಿಲ್ಲ ಅನ್ನೋದಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಇದು ತಿಳಿದರೆ ಭಯ ಅರ್ಧ ಹೋಗುತ್ತದೆ.

ಒಂದು ಕೋಣೆಯ ಬಾಗಿಲು ತೆರೆಯುತ್ತಿಲ್ಲ ಅಂದರೆ ಬೀಗ ಹಾಕಿರಬಹುದು, ಬಾಗಿಲೇ ಉಬ್ಬಿ ಕಚ್ಚಿಕೊಂಡಿರಬಹುದು. ಕಂಪ್ಯೂಟರ್ ಕೊಡುವ ಸಂದೇಶ ಓದಿದರೆ ಯಾವುದು ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಅಡ್ಮಿನಿಸ್ಟ್ರೇಟರ್ ನಿಲ್ಲಿಸಿದ್ದಾರೆ ಅಂತ ಮರ್ಯಾದೆಯಿಂದ ಹೇಳಿದರೆ ಅದು ಬೀಗ. ಟೂಲ್ ಕೆಟ್ಟಿಲ್ಲ. ವಿಂಡೋಸ್‌ನಲ್ಲಿ ಪಾಲಿಸಿ ಅಂತ ಒಂದು ವ್ಯವಸ್ಥೆ ಇದೆ. ಆಫೀಸಿನಲ್ಲಿ, ಕಾಲೇಜಿನಲ್ಲಿ ಯಾರೂ ಸೆಟ್ಟಿಂಗ್ ಕೆದಕದಿರಲಿ ಅಂತ ಅದನ್ನು ಇಟ್ಟಿರುವುದು. ರಿಜಿಸ್ಟ್ರಿಯಲ್ಲಿ ‘ಡಿಸೇಬಲ್‌ಟಾಸ್ಕ್‌ಎಂಜಿಆರ್’ ಅನ್ನೋ ಒಂದು ಹೆಸರಿನ ಮುಂದೆ 1 ಅಂತ ಬರೆದರೆ ಸಾಕು, ಟಾಸ್ಕ್ ಮ್ಯಾನೇಜರ್ ಮುಚ್ಚಿಕೊಳ್ಳುತ್ತದೆ. ನಿಮ್ಮ ವೈರಸ್ ಮಾಡಿರುವುದು ಇಷ್ಟೇ. ವಿಂಡೋಸ್‌ನದೇ ಬೀಗ ತಗೊಂಡು ನಿಮ್ಮ ಬಾಗಿಲಿಗೆ ಹಾಕಿದೆ, ತನ್ನನ್ನು ನೀವು ನೋಡಬಾರದು ಅಂತ. ನಿಮ್ಮ ಸಂಸ್ಥೆ ಅಂತ ಡಿಫೆಂಡರ್ ಹೇಳುವುದೂ ಅದಕ್ಕೇ. ಪಾಲಿಸಿ ಕಂಡರೆ ಅದು ಯಾರೋ ದೊಡ್ಡವರು ಹಾಕಿದ್ದು ಅಂದುಕೊಳ್ಳುತ್ತದೆ.

ಎಂಎಸ್‌ಕಾನ್ಫಿಗ್ ಸದ್ದೇ ಮಾಡುವುದಿಲ್ಲ ಅಂದಿರಲ್ಲ, ಅದು ಬೇರೆ ತಂತ್ರ ಇರಬೇಕು. ‘ಇಮೇಜ್ ಫೈಲ್ ಎಕ್ಸಿಕ್ಯೂಷನ್ ಆಪ್ಷನ್ಸ್’ ಅಂತ ಒಂದು ಜಾಗ ಇದೆ. ಪ್ರೋಗ್ರಾಂ ಬರೆಯುವವರು ತಪ್ಪು ಹುಡುಕಲು ಬಳಸುವಂಥದ್ದು. ಅಲ್ಲಿ ಎಂಎಸ್‌ಕಾನ್ಫಿಗ್ ಹೆಸರಿನ ಕೆಳಗೆ ‘ಡಿಬಗರ್’ ಅಂತ ಬೇರೆ ಫೈಲಿನ ಹೆಸರು ಬರೆದರೆ, ನೀವು ಇದನ್ನು ಕರೆದಾಗ ಅದು ಬರುತ್ತದೆ. ಆ ಫೈಲ್ ಕಣ್ಣಿಗೆ ಕಾಣುವಂಥದ್ದಲ್ಲ ಅಂದರೆ ನಿಮಗೆ ಏನೂ ಆಗಲಿಲ್ಲ ಅನ್ನಿಸುತ್ತದೆ.

ಮೂರನೆಯದು ವಿಂಡೋಸ್ ಫೈಲೇ ಹಾಳಾಗಿರುವುದು. ಆಗ ಡಿಎಲ್‌ಎಲ್ ಅನ್ನೋ ಫೈಲ್ ಸಿಗುತ್ತಿಲ್ಲ ಅಂತಲೋ, ಸೊನ್ನೆ ಎಕ್ಸ್‌ನಿಂದ ಶುರುವಾಗುವ ಉದ್ದನೆಯ ಸಂಖ್ಯೆಯೋ ಬರುತ್ತದೆ. ನಿಮ್ಮಲ್ಲಿ ಅದು ಕಾಣುತ್ತಿಲ್ಲ.

ಈ ಮೂರಕ್ಕೂ ಫಾರ್ಮ್ಯಾಟ್ ಬೇಕಿಲ್ಲ. ಆದರೆ ಬೀಗ ತೆಗೆಯುವ ಮೊದಲು ಬೀಗ ಹಾಕಿದವನನ್ನು ಹೊರಗೆ ಹಾಕಬೇಕು. ಇಲ್ಲದಿದ್ದರೆ ನೀವು ತೆಗೆದ ಅರ್ಧ ನಿಮಿಷಕ್ಕೆ ಅದು ಮತ್ತೆ ಹಾಕುತ್ತದೆ. ಅದಕ್ಕೂ ಮೊದಲು 212 ಪುಟ.

ದಾವಣಗೆರೆ_ಲ್ಯಾಬ್ | ಭಾನುವಾರ, ಮಧ್ಯಾಹ್ನ 12:20

ಯಾರಾದರೂ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ ತೆಗೆಯಿರಿ ಅಂತ ಹೇಳುವ ಮೊದಲೇ ಬರೆಯುತ್ತಿದ್ದೇನೆ. ಹೋಮ್ ಆವೃತ್ತಿಯಲ್ಲಿ ಅದು ಇರುವುದಿಲ್ಲ. ಹುಡುಕಿ ಸುಸ್ತಾಗಬೇಡಿ.

ಹಳೇ_ಕೀಬೋರ್ಡ್ | ಭಾನುವಾರ, ಮಧ್ಯಾಹ್ನ 12:45

ಫೈಲ್ ಹೊರಗೆ ತರುವುದು ಹೀಗೆ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲೈನಕ್ಸ್ ಮಿಂಟ್ ಡೌನ್‌ಲೋಡ್ ಮಾಡಿ, ರೂಫಸ್ ಅನ್ನೋ ಉಚಿತ ಪ್ರೋಗ್ರಾಂನಿಂದ ಒಂದು ಖಾಲಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ನಿಮ್ಮ ಡೆಸ್ಕ್‌ಟಾಪ್ ಆಫ್ ಮಾಡುವಾಗ ಶಿಫ್ಟ್ ಹಿಡಿದುಕೊಂಡೇ ಶಟ್‌ಡೌನ್ ಒತ್ತಿ. ವಿಂಡೋಸ್ 10 ಸಾಮಾನ್ಯವಾಗಿ ಪೂರ್ತಿ ಆಫ್ ಆಗುವುದಿಲ್ಲ, ಬೇಗ ಏಳಲು ಅರ್ಧ ನಿದ್ದೆಯಲ್ಲಿರುತ್ತದೆ. ಶಿಫ್ಟ್ ಹಿಡಿದರೆ ಪೂರ್ತಿ ಆಫ್ ಆಗುತ್ತದೆ.

ಆಮೇಲೆ ಮಿಂಟ್ ಪೆನ್‌ಡ್ರೈವ್ ಹಾಕಿ ಆನ್ ಮಾಡಿ, ಎಫ್12 ಒತ್ತುತ್ತಾ ಇರಿ. ಕೆಲವು ಬೋರ್ಡ್‌ಗಳಲ್ಲಿ ಎಫ್11 ಅಥವಾ ಎಸ್ಕೇಪ್. ಪೆನ್‌ಡ್ರೈವ್ ಆರಿಸಿ. ಮಿಂಟ್ ನೇರ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಅಂತ ಒಂದು ಐಕಾನ್ ಕಾಣುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ. ಈ ಹೊತ್ತಿನಲ್ಲಿ ವಿಂಡೋಸೇ ಎದ್ದಿಲ್ಲವಾದ್ದರಿಂದ ವೈರಸ್ ಕೂಡ ಮಲಗಿರುತ್ತದೆ. ನಿಮ್ಮ ಹಾರ್ಡ್‌ಡಿಸ್ಕ್ ತೆರೆದು ಡಾಕ್ಯುಮೆಂಟ್, ಫೋಟೋ ಮಾತ್ರ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಪ್ರೋಗ್ರಾಂ ಫೈಲ್ ಒಂದನ್ನೂ ತರಬೇಡಿ.

ತುಮಕೂರು_ಟೈಪಿಂಗ್ | ಭಾನುವಾರ, ರಾತ್ರಿ 9:30

ಸರ್, ಮಿಂಟ್ ಬಂತು. ಫೈಲ್ ಸಿಕ್ಕಿತು. ಆದರೆ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಟೋಪಿ, ಚುಕ್ಕೆ, ಮಧ್ಯೆ ಪೌಂಡ್ ಚಿಹ್ನೆ. ಪುಟ ಪುಟವೂ ಹಾಗೇ. ವೈರಸ್ ತಿಂದುಬಿಟ್ಟಿತಾ? ಕೈ ನಡುಗುತ್ತಿದೆ. ಮಾವನಿಗೆ ಇನ್ನೂ ಹೇಳಿಲ್ಲ.

ಹಳೇ_ಕೀಬೋರ್ಡ್ | ಭಾನುವಾರ, ರಾತ್ರಿ 9:34

ಏನೂ ಆಗಿಲ್ಲ ಅಕ್ಕ, ಧೈರ್ಯವಾಗಿರಿ. ಅದು ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಪದ್ಧತಿಯಲ್ಲಿ ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಜಾಗಗಳೇ. ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ಹೊದಿಸುತ್ತದೆ. ಮಿಂಟ್‌ನಲ್ಲಿ ನುಡಿ ಫಾಂಟ್ ಇಲ್ಲ, ಅದಕ್ಕೆ ಹೊದಿಕೆ ಕಾಣುತ್ತಿಲ್ಲ. ಸಾಲುಗಳು, ಪ್ಯಾರಾಗಳು ಎಣಿಕೆಗೆ ಸರಿ ಇವೆಯಾ ನೋಡಿ. ಇದ್ದರೆ ಫೈಲ್ ಕ್ಷೇಮ.

ತುಮಕೂರು_ಟೈಪಿಂಗ್ | ಭಾನುವಾರ, ರಾತ್ರಿ 10:15

ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟನ್ನೂ ಕಾಪಿ ಮಾಡಿ, ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಹಾಕಿ ತೆರೆದೆ. ‘ನಮ್ಮೂರ ಕೆರೆಗೆ ಎರಡು ತೂಬು’ ಅನ್ನೋ ಮೊದಲ ಸಾಲು ಕಂಡಿತು. 212 ಪುಟವೂ ಇದೆ. ಈಗ ತಮ್ಮನ ಹತ್ತಿರ ಒಂದು ಪ್ರತಿ, ನನ್ನ ಇಮೇಲ್‌ನಲ್ಲಿ ಒಂದು.

ಜೆರಾಕ್ಸ್ ಅಂಗಡಿಯ ಪೆನ್‌ಡ್ರೈವನ್ನೂ ಮಿಂಟ್‌ನಲ್ಲಿ ಹಾಕಿ ನೋಡಿದೆ. ಎಲ್ಲ ಬಯಲಾಯಿತು. ಮದುವೆ ಪತ್ರಿಕೆ ಅನ್ನೋ ಫೋಲ್ಡರ್ ಒಂದು, ಪಕ್ಕದಲ್ಲೇ ಅದೇ ಹೆಸರಿನ, ಎಲ್‌ಎನ್‌ಕೆ ಅಂತ ಕೊನೆಯಾಗುವ 2 ಕೆಬಿ ಫೈಲ್ ಒಂದು, ಅರ್ಥವಿಲ್ಲದ ಹೆಸರಿನ ವಿಬಿಎಸ್ ಸ್ಕ್ರಿಪ್ಟ್ ಫೈಲ್ ಒಂದು. ಇಷ್ಟು ಸಣ್ಣದು ಇಷ್ಟೆಲ್ಲ ಮಾಡಿತಾ ಅನ್ನಿಸಿತು.

ದಾವಣಗೆರೆ_ಲ್ಯಾಬ್ | ಸೋಮವಾರ, ಬೆಳಿಗ್ಗೆ 8:10

ಬಹಳ ಸಂತೋಷ ಮೇಡಂ. ಒಂದು ಮಾತು. ವಿಂಡೋಸ್‌ನಲ್ಲಿ ಫೈಲಿನ ಬಾಲ, ಅಂದರೆ ಎಕ್ಸ್‌ಟೆನ್ಶನ್, ತೋರಿಸು ಅಂತ ಟಿಕ್ ಮಾಡಿದರೂ ಎಲ್‌ಎನ್‌ಕೆ ಮಾತ್ರ ಕಾಣಿಸುವುದಿಲ್ಲ. ಆ ಪುಟ್ಟ ಬಾಣ ಒಂದೇ ಗುರುತು. ಪೆನ್‌ಡ್ರೈವ್‌ನಲ್ಲಿ ಬಾಣ ಇರುವ ಫೋಲ್ಡರ್ ಕಂಡರೆ ಕೈ ಹಿಂದಕ್ಕೆ ತಗೊಳ್ಳಿ.

ಹಳೇ_ಕೀಬೋರ್ಡ್ | ಸೋಮವಾರ, ಬೆಳಿಗ್ಗೆ 8:40

ಈಗ ಕಳ್ಳನನ್ನು ಹಿಡಿಯೋಣ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್‌ನ ಜಾಲತಾಣದಿಂದಲೇ ‘ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್’ ಇಳಿಸಿಕೊಳ್ಳಿ. ಉಚಿತ. ಇಳಿಸಿದ 10 ದಿನಕ್ಕೆ ಅವಧಿ ಮುಗಿಯುತ್ತದೆ, ಹಾಗಾಗಿ ಯಾರೋ ಹಿಂದೆ ಕೊಟ್ಟದ್ದನ್ನು ಬಳಸಬೇಡಿ.

ಡೆಸ್ಕ್‌ಟಾಪ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ನೀಲಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ವಿಂಡೋಸ್ ತನಗೆ ತೀರಾ ಬೇಕಾದವನ್ನು ಮಾತ್ರ ಎಬ್ಬಿಸುತ್ತದೆ. ಸ್ಕ್ಯಾನರ್ ಕಾಪಿ ಮಾಡಿ ಫುಲ್ ಸ್ಕ್ಯಾನ್ ಕೊಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಮಧ್ಯೆ ನಿಲ್ಲಿಸಬೇಡಿ.

ಮಲೆನಾಡ_ಮಳೆ | ಸೋಮವಾರ, ಬೆಳಿಗ್ಗೆ 9:05

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೂ ಹಿಂದೊಮ್ಮೆ ಇದೇ ಆಗಿತ್ತು, ಆದರೆ ಸೇಫ್ ಮೋಡ್‌ಗೆ ಹೋದರೆ ದೋಷ ತೋರಿಸುವ ನೀಲಿ ಪರದೆ ಬಂದು ನಿಂತುಬಿಡುತ್ತಿತ್ತು. ಅದಕ್ಕೆ ಏನು ಮಾಡಬೇಕಿತ್ತು?

ಹಳೇ_ಕೀಬೋರ್ಡ್ | ಸೋಮವಾರ, ಬೆಳಿಗ್ಗೆ 9:30

ನಿಮ್ಮದು ಸ್ಯಾಲಿಟಿ ಅನ್ನೋ ವೈರಸ್ ಜಾತಿಯದು ಇದ್ದಿರಬಹುದು. ಅದು 2003ರಿಂದಲೂ ಇರುವ ಹಳೆಯ ಪೀಡೆ. ಟಾಸ್ಕ್ ಮ್ಯಾನೇಜರ್, ರಿಜಿಸ್ಟ್ರಿ ಮುಚ್ಚುವುದರ ಜೊತೆಗೆ ಸೇಫ್ ಮೋಡ್‌ಗೆ ಬೇಕಾದ ರಿಜಿಸ್ಟ್ರಿ ಕೀಗಳನ್ನೇ ಅಳಿಸಿಹಾಕುತ್ತದೆ. ಸಾಲದ್ದಕ್ಕೆ ಡಿಸ್ಕ್‌ನಲ್ಲಿರುವ ಎಕ್ಸ್‌ಇ, ಅಂದರೆ ಪ್ರೋಗ್ರಾಂ ಫೈಲುಗಳ ಒಳಗೇ ಹೋಗಿ ಸೇರಿಕೊಳ್ಳುತ್ತದೆ. ಅಂಥಲ್ಲಿ ಒಂದೊಂದನ್ನೇ ತೊಳೆಯುವುದು ನನಗೆ ಸರಿ ಕಾಣುವುದಿಲ್ಲ. ಡಾಕ್ಯುಮೆಂಟ್ ಹೊರಗೆ ತೆಗೆದು, ಡಿಸ್ಕ್ ಪೂರ್ತಿ ಅಳಿಸಿ, ಹೊಸದಾಗಿ ವಿಂಡೋಸ್ ಹಾಕುವುದೇ ಒಳ್ಳೆಯದು. ಫಾರ್ಮ್ಯಾಟ್ ತಪ್ಪು ಅಂತ ನಾನು ಹೇಳುವುದಿಲ್ಲ. ಜನರ ಫೈಲ್ ಏನಾಗುತ್ತದೆ ಅಂತ ಕೇಳದೆ ಮೊದಲ ಮಾತಿಗೇ ಫಾರ್ಮ್ಯಾಟ್ ಅನ್ನುವುದು ನನಗೆ ತುಂಬಾ ಬೇಸರ ತರುತ್ತದೆ.

ಬೆಣ್ಣೆ_ಖಾಲಿ | ಸೋಮವಾರ, ಬೆಳಿಗ್ಗೆ 9:52

ನಿಜ. 212 ಪುಟದ ವಿಷಯ ನಾನು ಪೂರ್ತಿ ಓದದೆ ಬರೆದಿದ್ದೆ. ಕ್ಷಮಿಸಿ ಅಕ್ಕ.

ತುಮಕೂರು_ಟೈಪಿಂಗ್ | ಸೋಮವಾರ, ಸಂಜೆ 5:45

ಪರವಾಗಿಲ್ಲ, ನೀವೂ ಸಹಾಯ ಮಾಡಲೆಂದೇ ಬರೆದದ್ದು.

ಸೇಫ್ ಮೋಡ್ ಬಂತು. ಸ್ಕ್ಯಾನ್ ಮೂರೂವರೆ ಗಂಟೆ ಹಿಡಿಯಿತು. ಒಟ್ಟು 5 ಸಿಕ್ಕಿವೆ, ಎಲ್ಲ ತೆಗೆದಿದೆ ಅಂತ ಬಂತು. ರೀಸ್ಟಾರ್ಟ್ ಮಾಡಿದೆ. ಫ್ಯಾನ್ ಸದ್ದು ನಿಂತಿದೆ! ಆದರೆ ಟಾಸ್ಕ್ ಮ್ಯಾನೇಜರ್ ಇನ್ನೂ ಮಸುಕಾಗೇ ಇದೆ.

ಹಳೇ_ಕೀಬೋರ್ಡ್ | ಸೋಮವಾರ, ಸಂಜೆ 6:20

ಕಳ್ಳ ಹೋದ, ಬೀಗ ಉಳಿದಿದೆ. ಅದನ್ನು ನಾವೇ ತೆಗೆಯಬೇಕು. ರಿಜಿಸ್ಟ್ರಿ ಎಡಿಟರೇ ಮುಚ್ಚಿರುವಾಗ ರಿಜಿಸ್ಟ್ರಿ ಸರಿಮಾಡುವುದು ಹೇಗೆ? ಈ ಬೀಗಗಳು ಹೆಚ್ಚಾಗಿ ನಿಮ್ಮ ಯೂಸರ್ ಅಕೌಂಟ್‌ಗೆ ಮಾತ್ರ ಬಿದ್ದಿರುತ್ತವೆ. ಇನ್ನೊಂದು ಅಕೌಂಟ್‌ನಲ್ಲಿ ಇರುವುದಿಲ್ಲ.

ನೆಟ್ ಇನ್ನೂ ಹಾಕಬೇಡಿ. ಸೆಟ್ಟಿಂಗ್ಸ್, ಅಕೌಂಟ್ಸ್, ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್‌ಗೆ ಹೋಗಿ ಹೊಸ ಯೂಸರ್ ಸೇರಿಸಿ. ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ರೀಸ್ಟಾರ್ಟ್ ಮಾಡಿ ನೇರ ಹೊಸದಕ್ಕೇ ಲಾಗಿನ್ ಆಗಿ. ಹಳೆಯದಕ್ಕೆ ಹೋಗಬೇಡಿ, ಹೋದರೆ ಅದರ ಫೈಲ್ ಬಳಕೆಯಲ್ಲಿದೆ ಅಂತ ತಕರಾರು ಬರುತ್ತದೆ.

ಈಗ ರಿಜಿಸ್ಟ್ರಿ ಎಡಿಟರ್ ತೆರೆಯಬೇಕು. ಎಡಗಡೆ ‘ಎಚ್‌ಕೀ ಯೂಸರ್ಸ್’ ಮೇಲೆ ಒಮ್ಮೆ ಒತ್ತಿ, ಫೈಲ್ ಮೆನುವಿನಲ್ಲಿ ಲೋಡ್ ಹೈವ್ ಆರಿಸಿ. ಸಿ ಡ್ರೈವ್, ಯೂಸರ್ಸ್, ನಿಮ್ಮ ಹಳೆಯ ಹೆಸರಿನ ಫೋಲ್ಡರ್. ಅಲ್ಲಿ ‘ಎನ್‌ಟಿಯೂಸರ್ ಡಾಟ್ ಡ್ಯಾಟ್’ ಅನ್ನೋ ಫೈಲ್ ಮರೆಯಾಗಿರುತ್ತದೆ. ಕಾಣದಿದ್ದರೆ ಹೆಸರನ್ನು ಇಂಗ್ಲಿಷ್‌ನಲ್ಲಿ ನೀವೇ ಟೈಪ್ ಮಾಡಿ. ಏನಾದರೂ ಒಂದು ಹೆಸರು ಕೇಳುತ್ತದೆ, ‘ಓಲ್ಡ್’ ಅಂತ ಕೊಡಿ. ಈಗ ನಿಮ್ಮ ಹಳೆಯ ಅಕೌಂಟ್‌ನ ರಿಜಿಸ್ಟ್ರಿ ನಿಮ್ಮ ಕೈಯಲ್ಲಿದೆ.

ಓಲ್ಡ್ ಒಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಪಾಲಿಸೀಸ್, ಸಿಸ್ಟಮ್. ಅಲ್ಲಿ ‘ಡಿಸೇಬಲ್‌ಟಾಸ್ಕ್‌ಎಂಜಿಆರ್’, ‘ಡಿಸೇಬಲ್‌ರಿಜಿಸ್ಟ್ರಿಟೂಲ್ಸ್’ ಎರಡನ್ನೂ ಡಿಲೀಟ್ ಮಾಡಿ. ಬೇರೆ ಏನನ್ನೂ ಮುಟ್ಟಬೇಡಿ.

ತುಮಕೂರು_ಟೈಪಿಂಗ್ | ಸೋಮವಾರ, ರಾತ್ರಿ 8:10

ಎರಡೂ ಸಿಕ್ಕಿದವು, ಎರಡರ ಮುಂದೆಯೂ 1 ಇತ್ತು. ಅಳಿಸಿದೆ. ಕಮಾಂಡ್ ಪ್ರಾಂಪ್ಟ್‌ನದು ಮಾತ್ರ ಅಲ್ಲಿ ಇಲ್ಲ. ಮೂರು ಸಲ ನೋಡಿದೆ.

ದಾವಣಗೆರೆ_ಲ್ಯಾಬ್ | ಸೋಮವಾರ, ರಾತ್ರಿ 8:18

ಪಾಲಿಸೀಸ್ ಅನ್ನೋ ಫೋಲ್ಡರ್ ಎರಡು ಕಡೆ ಇದೆ ಮೇಡಂ, ಎಲ್ಲರೂ ಇಲ್ಲೇ ಎಡವುತ್ತಾರೆ. ಕಮಾಂಡ್ ಪ್ರಾಂಪ್ಟ್‌ನದು ಇನ್ನೊಂದರಲ್ಲಿ. ಓಲ್ಡ್, ಸಾಫ್ಟ್‌ವೇರ್, ಅದರೊಳಗೆ ನೇರ ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್, ಸಿಸ್ಟಮ್. ಹೆಸರು ‘ಡಿಸೇಬಲ್‌ಸಿಎಂಡಿ’.

ಹಳೇ_ಕೀಬೋರ್ಡ್ | ಸೋಮವಾರ, ರಾತ್ರಿ 8:30

ಅದಾದ ಮೇಲೆ ಓಲ್ಡ್ ಮೇಲೆ ಒತ್ತಿ ಫೈಲ್ ಮೆನುವಿನಿಂದ ಅನ್‌ಲೋಡ್ ಹೈವ್ ಮಾಡಲೇಬೇಕು, ಮರೆಯಬೇಡಿ. ಬಿಡುತ್ತಿಲ್ಲ ಅಂದರೆ ಒಳಗಿನ ಫೋಲ್ಡರ್‌ಗಳನ್ನೆಲ್ಲ ಮುಚ್ಚಿ ಮತ್ತೆ ಪ್ರಯತ್ನಿಸಿ.

ಇನ್ನು ಎರಡು ಜಾಗ. ಇವು ಇಡೀ ಕಂಪ್ಯೂಟರ್‌ಗೆ ಸೇರಿದವು, ‘ಎಚ್‌ಕೀ ಲೋಕಲ್ ಮಷೀನ್’ ಒಳಗಿವೆ. ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್ ಡಿಫೆಂಡರ್‌ನಲ್ಲಿ ‘ಡಿಸೇಬಲ್‌ಆಂಟಿಸ್ಪೈವೇರ್’ ಇದ್ದರೆ ಅಳಿಸಿ. ಆಮೇಲೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ನಾನು ಹೇಳಿದ್ದ ಆ ಇಮೇಜ್ ಫೈಲ್ ಫೋಲ್ಡರ್. ಅದರಲ್ಲಿ ಎಂಎಸ್‌ಕಾನ್ಫಿಗ್ ಹೆಸರಿನ ಕೆಳಗೆ ಡಿಬಗರ್ ಇದೆಯಾ ನೋಡಿ. ಇದ್ದರೆ ಡಿಬಗರ್ ಸಾಲು ಮಾತ್ರ ಅಳಿಸಿ. ಇಡೀ ಫೋಲ್ಡರ್ ತೆಗೆಯಬೇಡಿ, ಅಲ್ಲಿ ವಿಂಡೋಸ್‌ಗೆ ಬೇಕಾದವೂ ಇರುತ್ತವೆ.

ತುಮಕೂರು_ಟೈಪಿಂಗ್ | ಸೋಮವಾರ, ರಾತ್ರಿ 9:25

ಡಿಬಗರ್ ಇತ್ತು ಸರ್! ನೀವು ನಿನ್ನೆ ಊಹಿಸಿದ ಹಾಗೇ. ಎಲ್ಲ ಅಳಿಸಿ, ಅನ್‌ಲೋಡ್ ಮಾಡಿ, ಹಳೆಯ ಅಕೌಂಟ್‌ಗೆ ಹೋದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದ ತಕ್ಷಣ ಟಾಸ್ಕ್ ಮ್ಯಾನೇಜರ್ ಬಂತು. ಸಿಪಿಯು 4 ಪರ್ಸೆಂಟ್. ಕಮಾಂಡ್ ಪ್ರಾಂಪ್ಟ್ ಬರುತ್ತದೆ, ಎಂಎಸ್‌ಕಾನ್ಫಿಗ್ ಬರುತ್ತದೆ. ಡಿಫೆಂಡರ್‌ನಲ್ಲಿ ಆ ಸಂಸ್ಥೆಯ ಮಾತು ಹೋಗಿದೆ.

ಹಳೇ_ಕೀಬೋರ್ಡ್ | ಸೋಮವಾರ, ರಾತ್ರಿ 9:40

ಓದಿ ತುಂಬಾ ಖುಷಿಯಾಯಿತು ಅಕ್ಕ. ಈಗ ನೆಟ್ ಹಾಕಿ ಡಿಫೆಂಡರ್ ಅಪ್‌ಡೇಟ್ ಮಾಡಿ, ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಒಮ್ಮೆ ಕೊಡಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು ಕಾಲು ಗಂಟೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೇರೆಯವರ ಪೆನ್‌ಡ್ರೈವ್ ಬಂದು ಹೋಗುವ ಕಂಪ್ಯೂಟರ್ ಅಪ್‌ಡೇಟ್ ಇಲ್ಲದೆ ಇರಬಾರದು. ನಿಮ್ಮದು ವಿಂಡೋಸ್ 11ಕ್ಕೆ ಒಗ್ಗುತ್ತದಾ ಅಂತ ‘ಪಿಸಿ ಹೆಲ್ತ್ ಚೆಕ್’ನಲ್ಲಿ ನೋಡಿ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಆಗದಿದ್ದರೆ ಹೇಳಿ, ಮಿಂಟ್ ಪೆನ್‌ಡ್ರೈವ್ ನಿಮ್ಮ ಕೈಯಲ್ಲೇ ಇದೆಯಲ್ಲ. ಹಾಗೇ ಮಾವನವರ ಪುಸ್ತಕವನ್ನು ನುಡಿಯಲ್ಲೇ ಇರುವ ಕನ್ವರ್ಟರ್‌ನಿಂದ ಯೂನಿಕೋಡ್ ಮಾಡಿಬಿಡಿ. ಆಮೇಲೆ ಯಾವ ಮೊಬೈಲ್‌ನಲ್ಲಿ ತೆರೆದರೂ ಕನ್ನಡ ಕನ್ನಡವಾಗೇ ಕಾಣುತ್ತದೆ.

ತುಮಕೂರು_ಟೈಪಿಂಗ್ | ಬುಧವಾರ, ಸಂಜೆ 7:15

ಆಫ್‌ಲೈನ್ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಪ್ರೊಸೆಸರ್ 6ನೇ ತಲೆಮಾರಿನದು, ಅದರ ಬಗ್ಗೆ ಈ ವಾರ ಬೇರೆ ಕೇಳುತ್ತೇನೆ. ಜೆರಾಕ್ಸ್ ಅಂಗಡಿಯವರಿಗೂ ಹೋಗಿ ಹೇಳಿದೆ. ಪಾಪ, ಅವರ ಕಂಪ್ಯೂಟರ್‌ನಲ್ಲೂ ಟಾಸ್ಕ್ ಮ್ಯಾನೇಜರ್ ಮಸುಕಾಗಿತ್ತು, ಅವರು ಅದು ಹಾಗೇ ಇರೋದು ಅಂದುಕೊಂಡಿದ್ದರು. ನೀವು ಬರೆದದ್ದನ್ನೆಲ್ಲ ಪ್ರಿಂಟ್ ತೆಗೆದು ಕೊಟ್ಟಿದ್ದೇನೆ. ಇನ್ನು ಮೇಲೆ ಪತ್ರಿಕೆಗಳನ್ನು ಪಿಡಿಎಫ್ ಮಾಡಿ ಇಮೇಲ್‌ನಲ್ಲಿ ಕಳಿಸುವುದು ಅಂತ ಮಾತಾಗಿದೆ.

ಯೂನಿಕೋಡ್‌ಗೆ ಬದಲಿಸುವಾಗ ಕೆಲವು ಒತ್ತಕ್ಷರ ಅಲ್ಲಲ್ಲಿ ಕೆಟ್ಟಿವೆ. ದಿನಾ ಹತ್ತು ಪುಟ ಓದಿ ಹೇಳುತ್ತಿದ್ದೇನೆ, ಮಾವ ಕೂತು ತಿದ್ದಿಸುತ್ತಿದ್ದಾರೆ. ಇವತ್ತು ಓದುವಾಗ ಅವರಿಗೆ ಎರಡನೇ ತೂಬಿನ ನೀರುಗಂಟಿಯ ಹೆಸರು ನೆನಪಾಯಿತು. ಅದನ್ನೂ ಸೇರಿಸಿದೆವು.